ಮೂವತ್ತೊಂದು ಗುರುತುಗಳ ಕಾರು

ಅವರ ಬಲಗಿವಿಯ ಹಿಂದೆ ಯಾವಾಗಲೂ ಒಂದು ತುಂಡು ಸೀಮೆಸುಣ್ಣ ಇರುತ್ತಿತ್ತು. ಬೇರೆಯವರು ಬೀಡಿಯನ್ನೋ ಪೆನ್ಸಿಲನ್ನೋ ಸಿಕ್ಕಿಸಿಕೊಳ್ಳುವ ಜಾಗ ಅದು. ತಿಂಗಳಿಗೊಮ್ಮೆ ತಪ್ಪದೆ ಡೈ ಹಚ್ಚಿ ಕಪ್ಪಾಗಿಸಿಕೊಂಡ ತಲೆಯಲ್ಲಿ ಆ ಕಿವಿಯ ಮೇಲಿನ ಎರಡು ಬೆರಳಷ್ಟು ಜಾಗ ಮಾತ್ರ ಹುಡಿ ಬಿದ್ದು ಬೆಳ್ಳಗೆ ಕಾಣುತ್ತಿತ್ತು. ಮೊದಲ ಸಲ ನೋಡಿದಾಗ, ಪಾಪ, ಡೈ ಹಚ್ಚುವಾಗ ಅಷ್ಟು ಜಾಗ ಮರೆತಿದ್ದಾರೆ ಎಂದುಕೊಂಡೆ. ಹೇಳಲೋ ಬೇಡವೋ ಎಂದು ಸಂಕೋಚಪಟ್ಟು ಸುಮ್ಮನಾದೆ.

ಅವರು ಉದ್ಯಾವರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರು. ನಾನು ಗದಗ ಕಡೆಯವಳು. ಕಾಪು ಹತ್ತಿರದ ಒಂದು ಪ್ರೌಢಶಾಲೆಗೆ ಕನ್ನಡ ಕಲಿಸಲು ಬಂದವಳು. ಮಹಡಿ ಖಾಲಿ ಇದೆ ಎಂದು ಯಾರೋ ಹೇಳಿದ್ದರಿಂದ ನಮ್ಮ ಮನೆಯವರ ಜೊತೆ ನೋಡಲು ಹೋಗಿದ್ದೆ. ಬಾಗಿಲು ತೆಗೆದರೆ ಗೋಡೆ, ಕಿಟಕಿ, ನೆಲ, ಎಲ್ಲೆಲ್ಲೂ ಸೀಮೆಸುಣ್ಣದ ದುಂಡು ಗುರುತುಗಳು. ಹಿಂದೆ ಇದ್ದವರ ಮಕ್ಕಳು ಗೀಚಿರಬೇಕು ಎಂದುಕೊಂಡೆ. ಅವರು ಒಂದೊಂದೇ ಗುರುತಿನ ಮುಂದೆ ನಿಂತು ವಿವರಿಸುತ್ತ ಹೋದರು.

“ಈ ಕಿಟಕಿ ಮಳೆಗಾಲದಲ್ಲಿ ಬಿಗಿಯಾಗ್ತದೆ, ತೆಗೀಲಿಕ್ಕೆ ಆಗುವುದಿಲ್ಲ. ಇಲ್ಲಿ ಜೂನ್ ಕಳೆದ ಮೇಲೆ ಗೋಡೆ ಒದ್ದೆಯಾಗ್ತದೆ. ಈ ನಳ್ಳಿಯಲ್ಲಿ ನೀರು ಉಂಟು, ಆದರೆ ಅದಕ್ಕೆ ಮನಸ್ಸು ಬಂದಾಗ ಮಾತ್ರ. ಬಾತ್‌ರೂಮಿನ ಈ ಟೈಲ್ಸ್ ಜಾರ್ತದೆ, ನಾನೇ ಒಮ್ಮೆ ಬಿದ್ದಿದ್ದೇನೆ.”

ಹೀಗೆ ಹದಿನಾಲ್ಕು ಕುಂದು ತೋರಿಸಿ, “ಇನ್ನು ಒಳ್ಳೆಯದು ಎಂತ ಉಂಟು ಅಂತ ನೀವೇ ನೋಡಿ. ಅದನ್ನು ಹೇಳುವುದು ನನ್ನ ಕೆಲಸ ಅಲ್ಲ” ಎಂದು ಕೆಳಗಿಳಿದು ಹೋದರು. ನಮ್ಮ ಮನೆಯವರು ಅಲ್ಲೇ ನಿಂತು ನಕ್ಕೂ ನಕ್ಕೂ ಸುಸ್ತಾದರು. ಮನೆ ನಮಗೆ ಹಿಡಿಸಿತು.

ಅಕ್ಕಪಕ್ಕದವರನ್ನು ಕೇಳಿ ಮೊದಮೊದಲು ನಾನೂ ‘ಧಣಿ’ ಎಂದು ಕರೆದೆ. “ಧಣಿ ಅಂದರೆ ಗದ್ದೆ, ತೋಟ ಎಲ್ಲ ಬೇಕು ಟೀಚರೇ. ನನ್ನದು ಹತ್ತು ಸೆಂಟ್ಸ್ ಜಾಗ, ಅದರಲ್ಲಿಯೂ ಅರ್ಧ ಕಾರಿಗೆ” ಎಂದರು. ಆಮೇಲೆ ನಮ್ಮ ಕಡೆಯ ರೂಢಿಯಂತೆ ಅವರನ್ನು ಕಾಕಾ ಎಂದೂ ಅವರ ಹೆಂಡತಿಯನ್ನು ಕಾಕು ಎಂದೂ ಕರೆಯತೊಡಗಿದೆ. ಇಬ್ಬರೂ ಒಪ್ಪಿಕೊಂಡರು. ಶಾಲೆಯಲ್ಲಿ ಸವೆದು ಉಳಿದ ಸೀಮೆಸುಣ್ಣದ ತುಂಡುಗಳನ್ನು ತಂದುಕೊಡುವುದು ಸಹ ನನ್ನ ಪಾಲಿಗೆ ಬಂತು.

ಈ ಗುರುತು ಹಾಕುವ ಚಟ ಅವರಿಗೆ ಶಾರ್ಜಾದಲ್ಲಿ ಅಂಟಿದ್ದು. ಅಲ್ಲಿ ಹಳೆಯ ಕಾರುಗಳನ್ನು ಹರಾಜು ಹಾಕುವ ದೊಡ್ಡದೊಂದು ಯಾರ್ಡಿನಲ್ಲಿ ಅವರದು ಪರೀಕ್ಷಕನ ಕೆಲಸ. ಬಂದ ಪ್ರತಿ ಕಾರನ್ನೂ ಸುತ್ತು ಬಂದು, ಎಲ್ಲಿ ತಗ್ಗಿದೆ, ಎಲ್ಲಿ ಬಣ್ಣ ಬಳಿದು ಮುಚ್ಚಿದ್ದಾರೆ ಎಂದು ಹುಡುಕಿ ಸುತ್ತ ಗೆರೆ ಎಳೆಯಬೇಕು. ಇಪ್ಪತ್ತು ವರ್ಷಕ್ಕೂ ಮೇಲೆ ಅದನ್ನೇ ಮಾಡಿದವರು ಊರಿಗೆ ಬಂದ ಮೇಲೆ ನಿಲ್ಲಿಸಬೇಕಲ್ಲ! ನಿಲ್ಲಿಸಲಿಲ್ಲ. ಗ್ಯಾಸ್ ಸಿಲಿಂಡರಿನ ಮೇಲೆ, ಒಡಕು ಬಿಟ್ಟ ಬಕೆಟಿನ ಮೇಲೆ, ಅಂಗಳದ ಮೆಟ್ಟಿಲ ಮೇಲೆ ಅವರ ಬಿಳಿಯ ಸುತ್ತು. “ನನ್ನ ಮಗಳನ್ನು ನೋಡಲಿಕ್ಕೆ ಬಂದವರ ಎದುರಿನಲ್ಲಿ, ಇವಳಿಗೆ ಕೋಪ ಜಾಸ್ತಿ, ಬೆಳಿಗ್ಗೆ ಏಳುವುದು ತಡ ಅಂತ ಹೇಳಿಬಿಟ್ಟರು. ಸದ್ಯ, ಚಾಕ್‌ಪೀಸ್ ತೆಗೆದು ಅವಳಿಗೊಂದು ಗೆರೆ ಎಳೆಯಲಿಲ್ಲ” ಎಂದು ಕಾಕು ಇವತ್ತಿಗೂ ಗೊಣಗುತ್ತಾರೆ. ಆ ಸಂಬಂಧವೇ ಗಟ್ಟಿಯಾಯಿತು. ಮಗಳು ಈಗ ಅಬುಧಾಬಿಯಲ್ಲಿ ಸುಖವಾಗಿದ್ದಾಳೆ, ಈಗಲೂ ತಡವಾಗಿಯೇ ಏಳುತ್ತಾಳೆ.

ಕಾರಿನ ವಿಷಯಕ್ಕೆ ಬರುತ್ತೇನೆ. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಹೊಗೆ ಬಣ್ಣದ ಜಪಾನ್ ಕಾರೊಂದಿತ್ತು. ಬಾಗಿಲು ನಾಲ್ಕಿದ್ದರೂ ಅದು ಸಂಸಾರಸ್ಥರ ಕಾರಲ್ಲ. ನೆಲಕ್ಕೆ ತಗ್ಗಿ ಕೂತ ಮೈ, ಬಾನೆಟ್ಟಿನ ಮೇಲೆ ಗಾಳಿ ಹೋಗಲು ಸೀಳು, ಹಿಂದೆ ಒಂದು ರೆಕ್ಕೆ. ರ‍್ಯಾಲಿ ಓಡಿಸುವವರು ಪ್ರಾಣ ಬಿಡುವ ಕಾರಂತೆ. ಗಲ್ಫ್ ಬಿಟ್ಟು ಬಂದ ವರ್ಷವೇ ಮಂಗಳೂರಿನ ಒಬ್ಬರಿಂದ ಕೊಂಡು, ಎಂಟು ವರ್ಷ ಕೂತು ಅದನ್ನು ತಮಗೆ ಬೇಕಾದ ಹಾಗೆ ಮಾಡಿಕೊಂಡಿದ್ದರು. ಸಸ್ಪೆನ್ಷನ್, ಬ್ರೇಕು, ಟರ್ಬೊ, ಸೈಲೆನ್ಸರು, ಡ್ರೈವರಿನ ಸೀಟು, ಎಲ್ಲ ಬದಲು. ಬಿಚ್ಚಿದ ಮೂಲ ಭಾಗ ಒಂದನ್ನೂ ಎಸೆದಿರಲಿಲ್ಲ. ಗಲ್ಫಿನಿಂದ ತಂದ ಹುಲಿಚಿತ್ರದ ಕಂಬಳಿಗಳಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರು. ಕಾಕು ಚಳಿಗೆಂದು ಕಂಬಳಿ ಹುಡುಕಿದರೆ ಒಳಗಿಂದ ಕಬ್ಬಿಣ ಬೀಳುತ್ತಿತ್ತು.

ಇಂಜಿನ್ ಶುರು ಮಾಡಿದ ಕೂಡಲೇ ಅವರು ಹೊರಡುತ್ತಿರಲಿಲ್ಲ. ಅದು ಬಿಸಿಯಾಗುವವರೆಗೆ ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡು ಕೂರುತ್ತಿದ್ದರು. ತಿರುಗಾಡಿ ಬಂದ ಮೇಲೂ ಹಾಗೆಯೇ ಎರಡು ನಿಮಿಷ. “ಓಡಿ ಬಂದವನಿಗೆ ಮೊದಲು ಉಸಿರು ಬಿಡ್ಲಿಕ್ಕೆ ಬಿಡಬೇಕು ಟೀಚರೇ, ಆಮೇಲೆ ಮಲಗು ಅಂತ ಹೇಳಬೇಕು” ಎನ್ನುತ್ತಿದ್ದರು. ಆಯಿಲ್ ಬದಲಿಸಿದ್ದು, ಬೆಲ್ಟ್ ಹಾಕಿದ್ದು, ಟಯರು ತಿರುಗಿಸಿದ್ದು, ಎಲ್ಲವೂ ಇನ್ನೂರು ಪುಟದ ನೋಟ್‌ಪುಸ್ತಕದಲ್ಲಿ ದಾಖಲು. ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟರೆ ಕಟಪಾಡಿ, ಶಿರ್ವ, ಬೆಳ್ಮಣ್ ದಾರಿಯಾಗಿ ಕಾರ್ಕಳ. ಅಲ್ಲಿ ಒಂದು ಚಹಾ. ಬೈಲೂರು, ಹಿರಿಯಡ್ಕ, ಮಣಿಪಾಲದ ಮೇಲೆ ವಾಪಸ್ಸು. ತಿಂಡಿಯ ಹೊತ್ತಿಗೆ ಮನೆ. ವಾರದ ಉಳಿದ ದಿನ ಕಾಕುವನ್ನು ಹಿಂದೆ ಕೂರಿಸಿಕೊಂಡು ಹಳೆಯ ಸ್ಕೂಟರಿನಲ್ಲಿ ಆದಿ ಉಡುಪಿಯ ಸಂತೆಗೆ ಹೋಗುವ ಮನುಷ್ಯ ಇವರೇ ಎಂದರೆ ಯಾರೂ ನಂಬುವಂತಿರಲಿಲ್ಲ.

ನಾವು ಆ ಮನೆಗೆ ಬಂದ ಮೂರನೆಯ ವರ್ಷ, ಒಂದು ಭಾನುವಾರ ಅವರು ಅರ್ಧ ಗಂಟೆಯಲ್ಲೇ ಹಿಂದಿರುಗಿದರು. ಕಟಪಾಡಿಯಲ್ಲಿ ಎಡಗಡೆಯಿಂದ ಮೀನಿನ ಸ್ಕೂಟರಿನವನೊಬ್ಬ ಬಂದದ್ದು ಅವರಿಗೆ ಕಂಡಿರಲಿಲ್ಲ. ಏನೂ ಆಗಲಿಲ್ಲ, ಆ ಮನುಷ್ಯ ಎರಡು ಮಾತು ಬೈದು ಹೋದನಂತೆ. ಮಣಿಪಾಲದಲ್ಲಿ ತೋರಿಸಿದರು. ಕಣ್ಣಿನ ನರ ಸೊರಗುತ್ತಿದೆ, ಎರಡೂ ಬದಿಯ ನೋಟ ಹೋಗಿದೆ, ಮುಂದಿನದೂ ನಿಧಾನವಾಗಿ ಮಂಜಾಗುತ್ತದೆ, ಹನಿ ಔಷಧ ಹಾಕಿ ತಡೆಯಬಹುದೇ ಹೊರತು ಹೋದದ್ದನ್ನು ತರಲಾಗದು ಎಂದರು. ವಾಹನ ಓಡಿಸಬಾರದು ಎಂದು ಡಾಕ್ಟರು ಹೇಳುವ ಮೊದಲೇ ಇವರೇ, “ಗೊತ್ತುಂಟು, ನಿಲ್ಲಿಸಿ ಆಯಿತು” ಎಂದರಂತೆ.

ನಾನು ಸಮಾಧಾನ ಹೇಳಲು ಹೋದೆ. ಅವರು ಶೆಡ್ಡಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. “ಕಾರಿನಲ್ಲಿ ಡಿಫೆಕ್ಟ್ ಇದ್ದರೆ ಮಾರ್ಕ್ ಮಾಡಿ ಕೊಡಬಹುದು ಟೀಚರೇ. ಡ್ರೈವರಿನಲ್ಲಿ ಬಂದರೆ ಎಂತ ಮಾಡುವುದು? ಮಾರುವುದು, ಅಷ್ಟೇ. ಆದರೆ ನನಗೆ ಕಾಣುವಾಗಲೇ ಹೋಗಬೇಕು ಅದು. ಯಾರು ತೆಗೊಂಡು ಹೋಗ್ತಾರೆ, ಹೇಗೆ ತೆಗೊಂಡು ಹೋಗ್ತಾರೆ ಅಂತ ನಾನು ನೋಡಬೇಕು.” ಅದೊಂದೇ ಅವರ ಆಸೆ. ಹಳೆಯ ಕಾರಿನ ಶೋರೂಮಿಗೆ ಕೊಡಲು ಒಪ್ಪಲಿಲ್ಲ. ಅಲ್ಲಿಯವರು ಪಾಲಿಶ್ ಹೊಡೆದು ಎಲ್ಲವನ್ನೂ ಮುಚ್ಚುತ್ತಾರೆ ಎಂಬುದು ಒಂದು ಕಾರಣ. ಕಡೆಗೆ ಕಾರು ಯಾರ ಕೈಗೆ ಹೋಯಿತೆಂದು ಗೊತ್ತೇ ಆಗುವುದಿಲ್ಲ ಎಂಬುದು ಇನ್ನೊಂದು.

ಜಾಹೀರಾತು ಬರೆಯುವ ಕೆಲಸ ನನಗೆ ಬಂತು. ಭಾಷೆ ಕಲಿಸುವವಳು ನಾನು, ಉತ್ಸಾಹದಿಂದ ಕೂತು ‘ಮಗುವಿನಂತೆ ಸಾಕಿದ ಕಾರು’ ಎಂದು ಶುರು ಮಾಡಿದೆ. ಓದಿ ಹೇಳಿದಾಗ ಅವರು ಗಂಭೀರವಾಗಿ, “ಮಗುವನ್ನು ಯಾರಾದರೂ ಮಾರ್ತಾರಾ ಟೀಚರೇ?” ಎಂದರು. ಅದನ್ನು ಹೊಡೆದುಹಾಕಿದೆ. ‘ಅತ್ಯುತ್ತಮ ಸ್ಥಿತಿ’ ಬೇಡವೆಂದರು. ‘ಒಮ್ಮೆ ನೋಡಿದರೆ ಬಿಡಲಾರಿರಿ’ ಎಂಬುದಕ್ಕೆ ಕೈಯಲ್ಲೇ ಬೇಡ ಎಂದು ಸನ್ನೆ ಮಾಡಿದರು. ಕೊನೆಗೆ ಉಳಿದದ್ದು ಕಾರಿನ ಹೆಸರು, ವರ್ಷ, ಬದಲಿಸಿದ ಭಾಗಗಳು, ಅವರು ಹೇಳಿ ಬರೆಸಿದ ಮೂವತ್ತೊಂದು ಕುಂದುಗಳು. ಎರಡನೆಯ ಗೇರು ತಣ್ಣಗಿರುವಾಗ ಗೊರಗೊರ ಎನ್ನುತ್ತದೆ. ಬಾನೆಟ್ಟಿನಲ್ಲಿ ಕಲ್ಲು ಸಿಡಿದ ಗಾಯ ಒಂಬತ್ತು. ಹಿಂದಿನ ಬಾಗಿಲಿಗೆ ಕಾಪುವಿನಲ್ಲಿ ಬಸ್ಸು ಉಜ್ಜಿ ಮರುಬಣ್ಣವಾಗಿದೆ. ಕೆಳಗೆ ಕಡಲ ಗಾಳಿಗೆ ಒಂದು ಕಡೆ ತುಕ್ಕು. ಕೊನೆಯದು ಎಲ್ಲಕ್ಕಿಂತ ದೊಡ್ಡದು: ಇವರು ಕೊಳ್ಳುವ ಮೊದಲೇ ಹಿಂದಿನ ಎಡಮೂಲೆಗೆ ಪೆಟ್ಟು ಬಿದ್ದು ಡಿಕ್ಕಿಯ ತಳವನ್ನು ಬೆಸುಗೆ ಹಾಕಿದ್ದರು. ಕಾರಿನ ಮೇಲೂ ಅಷ್ಟೂ ಜಾಗಗಳಲ್ಲಿ ಸೀಮೆಸುಣ್ಣದ ಸುತ್ತು ಬಿತ್ತು. ಡಿಕ್ಕಿಯೊಳಗಿನದಕ್ಕೆ ಎರಡು ಸುತ್ತು.

ಬಂದವರು ಆ ಸುತ್ತುಗಳನ್ನು ನೋಡಿಯೇ ಅರ್ಧ ಇಳಿದುಹೋಗುತ್ತಿದ್ದರು. ಮಣಿಪಾಲದ ಕಾಲೇಜು ವಿದ್ಯಾರ್ಥಿಯೊಬ್ಬ ಬಂದ. ತಣ್ಣಗಿನ ಇಂಜಿನ್ನಿನ ಮೇಲೆ ಆಕ್ಸಿಲರೇಟರ್ ಒತ್ತಿ ಊರಿಗೆಲ್ಲ ಕೇಳುವಂತೆ ಶಬ್ದ ಮಾಡಿದ. ಕಾಕಾ ಕೈ ಚಾಚಿ ಕೀ ತಿರುಗಿಸಿ ಆಫ್ ಮಾಡಿ, “ಆಯಿತು ಮಾರಾಯ, ಚಹಾ ಕುಡಿದು ಹೋಗು” ಎಂದರು. ಮದುವೆ ಮೆರವಣಿಗೆಗೆ ಬಾಡಿಗೆಗೆ ಬಿಡಬಹುದೇ ಎಂದು ಕೇಳಿದವರೊಬ್ಬರಿಗೂ ಚಹಾ ಮಾತ್ರ ಸಿಕ್ಕಿತು. ಹೊರಗಿನ ಊರಿನವನೊಬ್ಬ ಎರಡು ಸಲ ಬಂದ. ಅವನಿಗೆ ಇಂಜಿನ್ ಮತ್ತು ಗೇರ್‌ಬಾಕ್ಸ್ ಸಾಕು, ಉಳಿದದ್ದನ್ನು ಗುಜರಿಗೆ ಹಾಕುತ್ತಾನಂತೆ. ಅವನು ಹೋದ ಮೇಲೆ ಕಾಕಾ ಊಟ ಮಾಡಲಿಲ್ಲ. ಮಳೆಗಾಲ ಕಳೆಯಿತು. ಪೇಪರಿನ ತಲೆಬರಹ ಓದಲು ಅವರು ಅದನ್ನು ಮೂಗಿನ ಹತ್ತಿರ ಹಿಡಿಯತೊಡಗಿದ್ದರು. ಇನ್ನು ಒಂದೆರಡು ತಿಂಗಳು ಹೀಗೇ ಹೋದರೆ ಗುಜರಿಯವನೇ ಗತಿ ಎಂದು ಕಾಕುವಿಗೂ ನನಗೂ ಭಯ ಹಿಡಿಯಿತು.

ಆಗ ಕಾರ್ಕಳದಿಂದ ಒಬ್ಬರು ಫೋನ್ ಮಾಡಿದರು. ನಲವತ್ತು ದಾಟಿದ ಹೆಂಗಸಿನ ಧ್ವನಿ. ಡ್ರೈವಿಂಗ್ ಸ್ಕೂಲ್ ನಡೆಸುತ್ತಾರಂತೆ. “ಹದಿನೆಂಟು ವರ್ಷದಿಂದ ಎಡಗಡೆ ಕೂತಿದ್ದೇನೆ ಟೀಚರೇ. ಕಾಲಡಿಯಲ್ಲಿ ಒಂದು ಬ್ರೇಕು, ಒಂದು ಕ್ಲಚ್ಚು. ಬೇರೆಯವರು ಓಡಿಸುವುದು, ನಾನು ಹೆದರುವುದು. ನನಗೂ ಒಂದು ಕಾರು ಓಡಿಸಬೇಕು ಅಂತ ಆಸೆ ಇಲ್ವಾ?” ಎಂದು ನಕ್ಕರು. ಆ ನಗು ಕೇಳಿಯೇ ನಾನು ಕಾರನ್ನು ಅವರಿಗೆ ಕೊಟ್ಟುಬಿಟ್ಟಿದ್ದೆ. ಗೆಳತಿಯೊಬ್ಬಳು ಮಾತಿನಲ್ಲಿ ಹೇಳಿ ಅವರಿಗೆ ವಿಷಯ ತಿಳಿದಿತ್ತು. ಜಾಹೀರಾತನ್ನು ಅವರು ಓದಿರಲಿಲ್ಲ. ಇಲ್ಲಿಂದಲೇ ನನ್ನ ಬುದ್ಧಿವಂತಿಕೆ ಶುರುವಾದದ್ದು.

ಅವರು ಬರುವ ಶನಿವಾರ ಕಾಕಾ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ನಾನು, ಕಾಕು ಇಬ್ಬರೂ ಒದ್ದೆ ಬಟ್ಟೆ ಹಿಡಿದು ಶೆಡ್ಡಿಗೆ ನುಗ್ಗಿದೆವು. ಒಂದೊಂದೇ ಸುತ್ತು ಒರೆಸಿದೆವು. ಡಿಕ್ಕಿಯ ಕಾರ್ಪೆಟ್ ಎತ್ತಿ ಆ ಎರಡು ಸುತ್ತುಗಳನ್ನು ಒರೆಸಿದವಳು ನಾನೇ. ಕಾರು ಎಷ್ಟು ಚಂದ ಕಂಡಿತೆಂದರೆ, ಇದನ್ನು ಮೊದಲೇ ಮಾಡಬೇಕಿತ್ತು ಎಂದು ಕಾಕು ಅಂದರು. ಮೋಸ ಮಾಡುತ್ತಿದ್ದೇವೆ ಎಂದು ನನಗೆ ಅನ್ನಿಸಲಿಲ್ಲ. ಒಳ್ಳೆಯ ಕಾರು, ಒಳ್ಳೆಯ ಹೆಂಗಸು, ನಡುವೆ ಸೀಮೆಸುಣ್ಣವೊಂದು ಯಾಕೆ ಅಡ್ಡ ಎಂದಷ್ಟೇ ಅನ್ನಿಸಿದ್ದು.

ಅವರು ಬಂದರು. ಕಾಟನ್ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಕಾಕಾ ತಮ್ಮ ಪದ್ಧತಿಯಂತೆ ಶೆಡ್ಡಿನ ಒಂದು ಬದಿಗೆ ನಿಂತು, “ಡಿಫೆಕ್ಟ್ ಎಲ್ಲ ಮಾರ್ಕ್ ಮಾಡಿದ್ದೇನೆ ಮೇಡಂ. ಮೊದಲು ಅದನ್ನು ನೋಡಿ. ಆಮೇಲೆ ಮಾತಾಡುವ” ಎಂದರು. ಅವರು ಒಂದು ಸುತ್ತು ಬಂದರು. ಡಿಕ್ಕಿ ತೆಗೆದು ಮುಚ್ಚಿದರು. ನನ್ನ ಕಡೆ ಒಮ್ಮೆ ನೋಡಿ, “ಆಯಿತು, ನೋಡಿದೆ” ಎಂದರು. ಕಾಕಾ ಕಾರಿನ ಮೇಲೆ ಒಮ್ಮೆ ಕಣ್ಣಾಡಿಸಿದರು, ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ನೋಡಿದರು. ಆಮೇಲೆ ಜೇಬಿನಿಂದ ಕೀ ತೆಗೆದು ಆ ಹೆಂಗಸಿನ ಕೈಗೆ ಕೊಟ್ಟರು.

ಇಂಜಿನ್ ಬಿಸಿಯಾಗುವವರೆಗೆ ಆ ಹೆಂಗಸು ಯಾರೂ ಹೇಳದೆಯೇ ಸುಮ್ಮನೆ ಕೂತಿದ್ದರು. ಕಾಕಾ ಎಡ ಸೀಟಿನಲ್ಲಿ. ಇನ್ನಂಜೆಯ ಗದ್ದೆಗಳ ನಡುವಿನ ರಸ್ತೆಯಲ್ಲಿ ಸುತ್ತಿ ಬಂದು, ನಿಂತ ಮೇಲೆಯೂ ಎರಡು ನಿಮಿಷ ಆಫ್ ಮಾಡಲಿಲ್ಲ. ಅಂದೇ ಮುಂಗಡ ಕೊಟ್ಟು ಹೋದರು. ಕಾಕು ಪಾಯಸ ಮಾಡಿದರು. ಕಾಕಾ ಒಂದು ಲೋಟ ಕುಡಿದು, ಸುಸ್ತಾಗಿದೆ ಎಂದು ಮಲಗಿದರು.

ಮರುದಿನದಿಂದ ಅವರು ಅಂಗಳಕ್ಕೆ ಇಳಿಯುವಾಗ ಗೋಡೆ ಹಿಡಿದುಕೊಳ್ಳತೊಡಗಿದರು. ತಟ್ಟೆಯಲ್ಲಿ ಪಲ್ಯ ಎಲ್ಲಿದೆ ಎಂದು ಕೇಳಿದರಂತೆ. ಪೇಪರು ಮುಟ್ಟಲಿಲ್ಲ. ಕಾರು ಹೋಗುವ ಬೇಸರ ಎಂದು ನಾವು ಮಾತಾಡಿಕೊಂಡೆವು.

ಬುಧವಾರ ಸಂಜೆ ನಾನು ಶಾಲೆಯಿಂದ ಬಂದಾಗ ಅವರು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ತೋರುಬೆರಳನ್ನು ನನ್ನ ಮುಖದ ಮುಂದೆ ಹಿಡಿದರು.

“ಈ ಬೆರಳಿನಲ್ಲಿ ಚಾಕ್‌ಪೀಸಿನ ಹುಡಿ ಉಂಟಾ ಟೀಚರೇ?”

“ಇಲ್ರೀ ಕಾಕಾ.”

“ಕಾರಿನ ಸುತ್ತ ಉಜ್ಜಿ ಬಂದೆ. ಎಲ್ಲಿಯೂ ಇಲ್ಲ ಅಲ್ವಾ?”

“ನಾನ ಒರಸೀನ್ರೀ” ಎಂದೆ. ಕಾಕುವಿನ ಹೆಸರು ತರಲಿಲ್ಲ. ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಶನಿವಾರ ನೋಡಿದಾಗ ಒಂದು ಗುರುತೂ ಕಾಣಲಿಲ್ಲ ನನಗೆ. ಅವರು ‘ನೋಡಿದೆ’ ಅಂದರು. ಹಾಗಾದರೆ ಅವರಿಗೆ ಕಾಣ್ತದೆ, ನನಗೆ ಕಾಣುವುದಿಲ್ಲ ಅಂತ ಆಯಿತಲ್ಲ? ಶುಕ್ರವಾರ ಕಂಡದ್ದು ಶನಿವಾರ ಕಾಣುವುದಿಲ್ಲ. ಅಷ್ಟು ಬೇಗ ಮುಗಿಯಿತಾ ಅಂತ ನಾಲ್ಕು ದಿನದಿಂದ ನಾನು ಕುರುಡ ಆದೆ ಅಂತ ಮಾಡಿಕೊಂಡಿದ್ದೇನೆ.”

ನಾನು ಅಲ್ಲೇ ಜಗಲಿಯ ಮೇಲೆ ಕೂತು ಅತ್ತೆ. ಮಕ್ಕಳಿಗೆ ಪಾಠ ಹೇಳುವ ಹೆಂಗಸು ಹಾಗೆ ಬಿಕ್ಕಿ ಬಿಕ್ಕಿ ಅಳುವುದನ್ನು ನೋಡಿ ಅವರಿಗೇ ಗಾಬರಿಯಾಯಿತು. “ಅಯ್ಯೋ ಮಾರಾಯ್ತಿ, ಅಳಬೇಡಿ. ಒಂದು ಸಂತೋಷ ನೋಡಿ, ಕಣ್ಣು ಅಷ್ಟೆಲ್ಲ ಹೋಗಲಿಲ್ಲ ಅಂತ ಈಗ ಗೊತ್ತಾಯಿತು” ಎಂದರು. ನಿಜವಾಗಿಯೂ ಅವರ ಮುಖದಲ್ಲಿ ಸಂತೋಷವಿತ್ತು. ಅದೇ ನನಗೆ ಸಹಿಸಲಾಗದೆ ಹೋದದ್ದು. ನಾನು ಒರೆಸಿದ್ದು ಸುಣ್ಣವನ್ನಷ್ಟೇ ಎಂದುಕೊಂಡಿದ್ದೆ. ಅವರಿಗೆ ತಮ್ಮ ಕಣ್ಣಿನ ಮೇಲೆ ಉಳಿದಿದ್ದ ಚೂರು ಭರವಸೆಯನ್ನೂ ಒರೆಸಿಹಾಕಿದ್ದೆ.

ಆಮೇಲೆ ಅವರ ಧ್ವನಿ ಬದಲಾಯಿತು. ಕಿವಿಯ ಹಿಂದಿನ ತುಂಡನ್ನು ತೆಗೆದು ನನ್ನ ಕೈಗೆ ಕೊಟ್ಟರು. “ಈಗ ನೀವೇ ಹಾಕಿ. ನಾನು ಹೇಳುತ್ತೇನೆ.” ಒಂದು ಗಂಟೆ ಅವರು ಕಾರಿನ ಮೈಮೇಲೆ ಬೆರಳಾಡಿಸುತ್ತ ಜಾಗ ತೋರಿಸಿದರು, ನಾನು ಸುತ್ತು ಎಳೆದೆ. ಕೆಳಗಿನ ತುಕ್ಕಿನ ಜಾಗಕ್ಕೆ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಮಲಗಬೇಕಾಯಿತು. ಮೂವತ್ತೊಂದನೆಯದನ್ನು ಡಿಕ್ಕಿಯಲ್ಲಿ ಎಳೆದು, ಅದರ ಸುತ್ತ ಇನ್ನೊಂದು ಎಳೆದೆ. “ಇನ್ನು ಆ ಮೇಡಂಗೆ ಫೋನ್ ಮಾಡಿ. ಬರಲಿಕ್ಕೆ ಹೇಳಿ. ಯಾರು ಒರೆಸಿದ್ದು ಅಂತ ನೀವೇ ಹೇಳಬೇಕು. ಬೇಡ ಅಂದರೆ ಮುಂಗಡ ವಾಪಸ್ ಕೊಡುವ” ಎಂದರು.

ಭಾನುವಾರ ಕಾರ್ಕಳದವರು ಬಂದರು. ನನಗೆ ತುಳು ಅಷ್ಟಾಗಿ ತಿಳಿಯದೆಂದು ಎಲ್ಲರೂ ಕನ್ನಡದಲ್ಲೇ ಮಾತಾಡಿದರು. ಆ ದಿನ ಮಾತ್ರ ತುಳುವಿನಲ್ಲೇ ಆಗಿ, ನಾನು ಪಕ್ಕದಲ್ಲಿ ಪೆದ್ದಿಯಂತೆ ನಿಂತಿರಬಾರದೇ ಎಂದು ಅನ್ನಿಸಿತು. ಒಂದೊಂದು ಗುರುತಿನ ಮುಂದೆ ನಿಂತು ಹೇಳುತ್ತ ಹೋದೆ. ಕೊನೆಗೆ ಡಿಕ್ಕಿ ತೆಗೆದು ಬೆಸುಗೆ ತೋರಿಸಿ, ಒರೆಸಿದವಳು ನಾನು, ಇವರಿಗೆ ಗೊತ್ತಿರಲಿಲ್ಲ ಎಂದೆ.

ಆ ಹೆಂಗಸು ಬೆಸುಗೆಯ ಮೇಲೆ ಬೆರಳಾಡಿಸಿ ನೋಡಿದರು. ಆಮೇಲೆ ಹೇಳಿದರು: “ಇದು ನನಗೆ ಮೊದಲ ದಿನವೇ ಗೊತ್ತಾಗಿದೆ. ಡಿಕ್ಕಿ ಮುಚ್ಚುವಾಗ ಎಡಗಡೆಯ ಸಂದು ಸ್ವಲ್ಪ ಅಗಲ ಉಂಟು. ಹಿಂದಿನ ಬಾಗಿಲು ಬೇರೆ ಬಣ್ಣ ಅಂತಲೂ ಗೊತ್ತಾಯಿತು. ಮಾರ್ಕ್ ಮಾಡಿದ್ದೇನೆ ಅಂದರಲ್ಲ ಇವರು, ಒಂದೂ ಕಾಣಲಿಲ್ಲ. ಇಷ್ಟು ವಯಸ್ಸಾದವರು ಮುಖ ನೋಡಿಕೊಂಡು ಸುಳ್ಳು ಹೇಳ್ತಾರಲ್ಲ ಅಂತ ಬೇಜಾರಾಯಿತು. ಕಾರು ಓಡಿಸಿದ ಮೇಲೆ ಬಿಡ್ಲಿಕ್ಕೆ ಮನಸ್ಸಾಗಲಿಲ್ಲ, ಮುಂಗಡ ಕೊಟ್ಟುಬಿಟ್ಟೆ. ಮನೆಗೆ ಹೋಗಿ ಆಲೋಚನೆ ಮಾಡಿದೆ. ಬುಧವಾರ ನೀವು ಫೋನ್ ಮಾಡದಿದ್ದರೆ ಮರುದಿನ ನಾನೇ ಮಾಡಿ, ಕಾರು ಬೇಡ ಅಂತ ಹೇಳುವವಳಿದ್ದೆ.”

ನನ್ನ ಜಾಣತನದ ಬೆಲೆ ಅದು. ಗಿರಾಕಿಯನ್ನು ಉಳಿಸಲು ಹೋಗಿ ಕಳೆದುಕೊಂಡಿದ್ದೆ. ಜೊತೆಗೆ, ಬದುಕಿಡೀ ಇನ್ನೊಬ್ಬರು ಮುಚ್ಚಿಟ್ಟದ್ದನ್ನು ತೋರಿಸುವುದೇ ಕಸುಬಾಗಿದ್ದ ಮನುಷ್ಯನಿಗೆ ಸುಳ್ಳುಗಾರನೆಂಬ ಹೆಸರು ತಂದಿದ್ದೆ. ಕಾಕಾ ಮಾತ್ರ ಬೇರೆಯದೇ ಲೋಕದಲ್ಲಿದ್ದರು. “ಸಂದು ಅಗಲ ಉಂಟು ಅಂತ ಕೈಯಲ್ಲಿ ಗೊತ್ತಾಯಿತಾ ಮೇಡಂ, ಕಣ್ಣಲ್ಲಾ?” ಎಂದು ಆಸೆಯಿಂದ ಕೇಳಿದರು. “ಕೈಯಲ್ಲಿ” ಎಂದರು ಅವರು. ಕಾಕಾ “ಆವು, ಆವು”, ಆಗಲಿ ಆಗಲಿ ಎಂದು ತುಳುವಿನಲ್ಲಿ ತಲೆಯಾಡಿಸಿದರು. ಅಲ್ಲಿಗೆ ಕಾರು ಮಾರಾಟವಾಯಿತು. ಆಮೇಲೆ ಇಬ್ಬರೂ ಎರಡು ಗಂಟೆ ಗೇರ್‌ಬಾಕ್ಸಿನ ಬಗ್ಗೆ ಮಾತಾಡಿದರು. ಅಟ್ಟದ ಮೇಲಿನ ಭಾಗಗಳೆಲ್ಲ ಕೆಳಗಿಳಿದವು, ಕಾಕುವಿಗೆ ಕಂಬಳಿಗಳು ವಾಪಸ್ಸು ಸಿಕ್ಕಿದವು.

ಮಣಿಪಾಲದ ಆರ್‌ಟಿಒ ಕಚೇರಿಯಲ್ಲಿ ವರ್ಗಾವಣೆಯ ಫಾರಂಗಳಿಗೆ ಅವರು ಸಹಿ ಹಾಕುವಾಗ, ಎಲ್ಲಿ ಹಾಕಬೇಕೆಂದು ತೋರಿಸಿದವಳು ನಾನು. ಕಾರು ಹೊರಟ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಅವರು ಗೇಟಿನ ಹೊರಗೆ, ರಸ್ತೆಯ ನಟ್ಟನಡುವೆ ನಿಂತರು; ಬದಿಗೆ ನಿಂತರೆ ಕಾಣುವುದಿಲ್ಲವಲ್ಲ. ಕಾರು ನಿಧಾನವಾಗಿ ಹೆದ್ದಾರಿಯವರೆಗೆ ಹೋಯಿತು, ಸಿಗ್ನಲ್ ಹಾಕಿತು, ನಿಂತು ನೋಡಿ ತಿರುಗಿತು. “ಕಂಡಿತು” ಎಂದರು. ಹಿಂದೆ ಬಂದು ನಿಂತಿದ್ದ ಆಟೋದವನು ಹಾರನ್ ಹೊಡೆಯುವವರೆಗೂ ಅಲ್ಲೇ ಇದ್ದರು. ಕಾಕುವಿಗೂ ನನಗೂ ಅವರ ಮುಖ ನೋಡಿ ಹಗುರವೆನಿಸಿತು. ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ಊಟ ಮಾಡಿದರು.

ಆಮೇಲೆ ನಾಲ್ಕು ವರ್ಷ ಅವರಿದ್ದರು. ನೋಟ ಪೂರ್ತಿ ಮಂಜಾಯಿತು. ಆದರೂ ಅದು ದುಃಖದ ಕಾಲವಾಗಿತ್ತೆಂದು ನಾನು ಹೇಳಲಾರೆ. ತಿಂಗಳಿಗೊಂದು ಭಾನುವಾರ ಕಾರ್ಕಳದ ಆ ಅಕ್ಕ ಕಾರು ತಂದು, ಅವರನ್ನು ಎಡಗಡೆ ಕೂರಿಸಿಕೊಂಡು ಅದೇ ಹಳೆಯ ದಾರಿಯಲ್ಲಿ ಒಂದು ಸುತ್ತು ಹಾಕಿಸುತ್ತಿದ್ದರು. “ನನ್ನ ಸೀಟು ಇವರಿಗೆ ಸಿಕ್ಕಿತು, ಇವರ ಸೀಟು ನನಗೆ” ಎಂದು ಅವರ ತಮಾಷೆ. ಇವರು ಬ್ರೇಕಿಲ್ಲದ ಜಾಗದಲ್ಲಿ ಬ್ರೇಕು ಒತ್ತುತ್ತಾರೆಂದು ದೂರು ಬೇರೆ.

ಓದಿ ಹೇಳುವ ಕೆಲಸಕ್ಕೆ ಅವರು ನನ್ನನ್ನು ಕರೆದರು. ಇದು ನನಗೆ ಬಹಳ ದಿನ ಅರ್ಥವಾಗಲಿಲ್ಲ. ಕಾಣದ ಕಣ್ಣಿಗೆ ಮೋಸ ಮಾಡಿದವಳು ನಾನು. ಬೇರೆ ಯಾರನ್ನಾದರೂ ಕರೆಯಬಹುದಿತ್ತು. ಪತ್ರಿಕೆ, ಕರೆಂಟು ಬಿಲ್ಲು, ಔಷಧದ ಚೀಟಿ, ಮಗಳ ಮೆಸೇಜು, ಎಲ್ಲವನ್ನೂ ಸಂಜೆ ಕೆಳಗಿಳಿದು ಓದುತ್ತಿದ್ದೆ. ಆದರೆ ಯಾರು ಓದಿದರೂ ಮತ್ತೊಮ್ಮೆ ಓದಿಸುವುದು ಅವರ ಕ್ರಮ. ಮೆಡಿಕಲ್ ಶಾಪಿನವರು ಓದಿದ್ದನ್ನು ನನ್ನಿಂದ ಓದಿಸುವರು, ನಾನು ಓದಿದ್ದನ್ನು ಪೋಸ್ಟ್‌ಮ್ಯಾನಿನಿಂದ. ಎರಡೂ ತಾಳೆಯಾದರೆ ಮಾತ್ರ ತಲೆಯಾಡಿಸುವರು. ನನಗೆ ನೋವಾಗುತ್ತಿತ್ತು, ಆದರೆ ಕೇಳುವ ಮುಖ ಎಲ್ಲಿತ್ತು?

ಹೋದ ವರ್ಷ ದೀಪಾವಳಿಯಾದ ಮೇಲೆ ಅವರು ತೀರಿಕೊಂಡರು. ಹೊಟ್ಟೆಯಲ್ಲಿ ಗಡ್ಡೆ. ಹೆಚ್ಚು ನರಳಲಿಲ್ಲ. ಮಗಳು ಬಂದಿದ್ದಳು, ಪಕ್ಕದಲ್ಲಿ ಕಾಕು ಇದ್ದರು. ಕಾರ್ಕಳದ ಅಕ್ಕ ಕಾರನ್ನು ದೂರದಲ್ಲೇ ನಿಲ್ಲಿಸಿ ನಡೆದು ಬಂದರು.

ಅದಕ್ಕೂ ಮೂರು ತಿಂಗಳ ಹಿಂದಿನ ಒಂದು ಸಂಜೆಯ ಮಾತು. ಮಣಿಪಾಲದಿಂದ ಸ್ಕ್ಯಾನಿನ ವರದಿ ಬಂದಿತ್ತು. ಕಾಕು ಅದನ್ನು ಬೇರೆಯವರಿಂದ ಓದಿಸಿ ತಿಳಿದುಕೊಂಡಿದ್ದರು. ನಾನು ಕಾಗದ ಬಿಡಿಸುತ್ತಿದ್ದಂತೆ ಕಾಕಾನ ಕುರ್ಚಿಯ ಹಿಂದೆ ನಿಂತು, ಬೇಡ, ಅದೊಂದು ಸಾಲು ಬಿಟ್ಟುಬಿಡು ಎಂದು ನನಗೆ ಕೈಮುಗಿದರು. ನಾನು ಅವರನ್ನು ನೋಡಿದೆ. ಕುರ್ಚಿಯಲ್ಲಿ ತಲೆ ಒಂದಿಷ್ಟು ಓರೆ ಮಾಡಿ ಕೂತಿದ್ದವರನ್ನು ನೋಡಿದೆ. ಬಿಟ್ಟುಬಿಟ್ಟಿದ್ದರೆ ಅವರಿಗೆ ಕಾಣುವಂತೆಯೂ ಇರಲಿಲ್ಲ. ಇಂಗ್ಲಿಷಿನಲ್ಲಿದ್ದದ್ದನ್ನು ಸಾಲು ಸಾಲಾಗಿ ಕನ್ನಡಕ್ಕೆ ತಂದು, ಗಡ್ಡೆ ಎಷ್ಟು ದೊಡ್ಡದು, ಎಲ್ಲೆಲ್ಲಿ ಹರಡಿದೆ, ಏನೂ ಬಿಡದೆ ಓದಿದೆ. ಕಾಕು ಒಳಗೆ ಹೋದರು.

ಕಾಕಾ ಕೈ ಚಾಚಿ ಆ ಕಾಗದ ತೆಗೆದುಕೊಂಡು ಮಡಿಸಿದರು. ಇನ್ನೇನು ಕೇಳುತ್ತಾರೆಂದು ಗೊತ್ತಿದ್ದರಿಂದ ನಾನೇ ಕೇಳಿದೆ.

“ಇನ್ನೊಬ್ಬರ ಕಡಿಂದನೂ ಓದಿಸೂಣೇನ್ರೀ ಕಾಕಾ?”

“ಎಂತಕ್ಕೆ? ಬೇಡ” ಎಂದರು. “ನೀವು ಓದಿದ್ದಲ್ವಾ ಟೀಚರೇ.”